ಅಡಿಗರು ಬಿಡದ ಐದು ಮಾತ್ರೆ

ಹೋದ ತಿಂಗಳು ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೇ ನೋಟ್‌ಬುಕ್ ಒಂದು ಸಿಕ್ಕಿತು. ಇನ್ನೂರು ಪುಟದ್ದು. ರಟ್ಟಿನ ಒಂದು ಮೂಲೆಯನ್ನು ಗೆದ್ದಲು ತಿಂದು ಮುಗಿಸಿದೆ. ಡಿಗ್ರಿ ಎರಡನೇ ವರ್ಷದಲ್ಲಿ ನಾನು ಅದರಲ್ಲಿ ಪದ್ಯ ಬರೆಯುತ್ತಿದ್ದೆ. ಬರೆದದ್ದನ್ನು ಒಮ್ಮೆ ಧೈರ್ಯ ಮಾಡಿ ಕನ್ನಡ ಮೇಷ್ಟರಿಗೆ ಕೊಟ್ಟಿದ್ದೆ. ಅವರು ಒಂದು ವಾರ ಇಟ್ಟುಕೊಂಡು ವಾಪಸ್ ಕೊಟ್ಟರು. ಹನ್ನೆರಡು ಸಾಲಿನ ಒಂದು ಪದ್ಯದ ಪಕ್ಕ ಕೆಂಪು ಶಾಯಿಯಲ್ಲಿ ಮೂರೇ ಪದ ಇತ್ತು: ‘ಪೂರಾ ಅಡಿಗರ ವಾಸನೆ.’

ಆಗ ನನಗೆ ಸಿಟ್ಟು ಬಂದಿತ್ತು. ಎರಡು ದಿನ ಅವರ ಕ್ಲಾಸಿಗೂ ಹೋಗಲಿಲ್ಲ. ಈಗ ಓದಿದರೆ ನಗು ಬರುತ್ತದೆ. ಹುತ್ತ, ಕೂಪ, ಬೇತಾಳ, ಶವ, ಎಲ್ಲವೂ ಹನ್ನೆರಡು ಸಾಲಿನಲ್ಲಿ ಹಾಜರ್. ಹತ್ತೊಂಬತ್ತು ವರ್ಷದ ಹುಡುಗನಿಗೆ ಬೇತಾಳ ಎಲ್ಲಿ ಸಿಕ್ಕಿತೋ ಗೊತ್ತಿಲ್ಲ. ಚಂದಮಾಮದಲ್ಲಿ ನೋಡಿದ್ದು ಬಿಟ್ಟರೆ ನನಗೂ ಅದಕ್ಕೂ ಪರಿಚಯವೇ ಇರಲಿಲ್ಲ.

ನೋಟ್‌ಬುಕ್ ಹಿಡಿದುಕೊಂಡು ಅಲ್ಲೇ ಕೂತವನಿಗೆ ಇನ್ನೊಂದು ನೆನಪಾಯಿತು. ಇದೇ ದೂರನ್ನು ಕವಿ ಗೋಪಾಲಕೃಷ್ಣ ಅಡಿಗರು ತಮ್ಮ ಮೇಲೆ ತಾವೇ ಹೊರಿಸಿಕೊಂಡಿದ್ದರು. ‘ನನ್ನ ನುಡಿ’ ಅಂತ ಅವರದೊಂದು ಪದ್ಯ ಇದೆ. ಮೊದಲ ಸಂಕಲನ ‘ಭಾವತರಂಗ’ದ ಕಾಲದ್ದು. ಆ ಪುಸ್ತಕ ಬಂದದ್ದು 1946ರಲ್ಲಿ, ಅಡಿಗರಿಗೆ ಇಪ್ಪತ್ತೆಂಟು ವರ್ಷ. ಮುನ್ನುಡಿ ಬರೆದವರು ಬೇಂದ್ರೆ. ಹೊಸ ಕವಿಗೆ ಅದಕ್ಕಿಂತ ದೊಡ್ಡ ಆಶೀರ್ವಾದ ಬೇರೆ ಏನು ಬೇಕು? ಆದರೆ ಅಡಿಗರಿಗೆ ಸಮಾಧಾನ ಇರಲಿಲ್ಲ. ಆ ಪದ್ಯ ಶುರುವಾಗುವುದು ಹೀಗೆ:

ಅನ್ಯರೊರೆದುದನೆ ಬರೆದುದನೆ ನಾ ಬರೆಬರೆದು
ಬಿನ್ನಗಾಗಿದೆ ಮನವು

ಬೇರೆಯವರು ಹೇಳಿದ್ದನ್ನೇ, ಬರೆದದ್ದನ್ನೇ ಬರೆದೂ ಬರೆದೂ ಬೇಜಾರು ಬಂದಿದೆ. ನನ್ನ ಒಳಗನ್ನು ನನ್ನ ಮಾತಲ್ಲೇ ಹೇಳುವುದು ಬರುವ ತನಕ ನನ್ನ ಬಾಳು ನರಕ. ಅವರ ಮಾತಿನ ತಿರುಳು ಇಷ್ಟು. ತನ್ನದೇ ಶೈಲಿ ಬೇಕು ಅಂತ ಒದ್ದಾಡುವ ಎಲ್ಲರೂ ಈ ಸಾಲನ್ನು ಒಂದಲ್ಲ ಒಂದು ಸಲ ಗೋಡೆಗೆ ಅಂಟಿಸಿಕೊಂಡಿರುತ್ತಾರೆ. ನಾನೂ ಹಾಸ್ಟೆಲಿನಲ್ಲಿ ಅಂಟಿಸಿದ್ದೆ.

ಇಷ್ಟು ವರ್ಷ ಆ ಸಾಲಿನ ಅರ್ಥ ಮಾತ್ರ ನೋಡಿದ್ದೆ. ಅವತ್ತು ಅಟ್ಟದಲ್ಲಿ ಸುಮ್ನೆ ಬೆರಳು ಮಡಚುತ್ತಾ ಹೇಳಿಕೊಂಡೆ. ಆಗ ಬೇರೆ ಏನೋ ಕೇಳಿಸಿತು.

ಹೈಸ್ಕೂಲಿನಲ್ಲಿ ಕಲಿತ ಛಂದಸ್ಸು ನಿಮಗೂ ಸ್ವಲ್ಪ ನೆನಪಿರಬಹುದು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನದಕ್ಕೂ, ಸೊನ್ನೆ ಇರುವುದಕ್ಕೂ ಎರಡು. (ಮಾತ್ರೆ ಅಂದರೆ ಗುಳಿಗೆ ಅಂದುಕೊಂಡು ನನ್ನ ಮಗಳು ಐದು ನಿಮಿಷ ನಕ್ಕಳು.) ಈಗ ಆ ಸಾಲನ್ನು ಒಡೆಯಿರಿ. ಅನ್ಯರೊರೆ / ದುದನೆ ಬರೆ / ದುದನೆ ನಾ / ಬರೆಬರೆದು. ಐದು, ಐದು, ಐದು, ಐದು. ಮುಂದಿನದು: ಬಿನ್ನಗಾ / ಗಿದೆ ಮನವು. ಮತ್ತೆ ಐದು, ಐದು.

ಐದೈದು ಮಾತ್ರೆಯ ನಾಲ್ಕು ಗಣ ಅಂದರೆ ವಾರ್ಧಕ ಷಟ್ಪದಿಯ ಸಾಲು. ಲಕ್ಷ್ಮೀಶನ ಜೈಮಿನಿ ಭಾರತ ಪೂರ್ತಿ ಇದೇ ನಡೆ. ಅದರ ಮೊದಲ ಸಾಲು ಹೇಳಿ ನೋಡಿ: ಶ್ರೀವಧುವಿ / ನಂಬಕ ಚ / ಕೋರಕಂ / ಪೊರೆಯೆ ಭ. (ಮುಂದಿನ ಅಕ್ಷರ ‘ಕ್ತಾ’, ಹಾಗಾಗಿ ‘ಭ’ಕ್ಕೆ ಎರಡು.) ಅದಾದ ಮೇಲೆ ಅಡಿಗರ ಸಾಲು ಹೇಳಿ. ಒಂದೇ ದಾರಿಯಲ್ಲಿ ಒಂದೇ ಹೆಜ್ಜೆ.

ಅಂದರೆ ‘ಇನ್ನೊಬ್ಬರದ್ದನ್ನು ಬರೆದು ಸಾಕಾಗಿದೆ’ ಅಂತ ಗೋಗರೆಯುವ ಸಾಲೇ ಶತಮಾನಗಳ ಹಿಂದಿನ ಕವಿಯ ನಡೆಯಲ್ಲಿ ನಡೆಯುತ್ತಿದೆ! ಮೊದಲು ಇದು ತಮಾಷೆ ಅನ್ನಿಸಿತು. ಆಮೇಲೆ, ಅಡಿಗರಿಗೆ ಇದು ಗೊತ್ತಿತ್ತಾ ಅನ್ನಿಸಿತು. ಗೊತ್ತಿಲ್ಲದೆ ಇರುತ್ತದಾ, ಷಟ್ಪದಿ ಬರೆದೇ ಬೆಳೆದವರು. ಆದರೆ ಅದನ್ನು ಅವರು ‘ಅನ್ಯರ’ ಲೆಕ್ಕಕ್ಕೆ ಸೇರಿಸಿರಲಿಕ್ಕಿಲ್ಲ. ಅದು ಅವರಿಗೆ ಮನೆಯ ನೀರಿನ ಹಾಗೆ. ರುಚಿ ಗೊತ್ತಾಗುವುದಿಲ್ಲ.

ಅಡಿಗರು ಹುಟ್ಟಿದ್ದು 1918ರ ಫೆಬ್ರವರಿ 18ರಂದು, ಕುಂದಾಪುರ ಸೀಮೆಯ ಮೊಗೇರಿಯಲ್ಲಿ. ಈಗ ಬೈಂದೂರು ಕಡೆಗೆ ಸೇರುವ ಊರು. ಅಡಿಗ ಅನ್ನುವುದೇ ಪೂಜೆ, ಪೌರೋಹಿತ್ಯದ ಮನೆತನಗಳ ಹೆಸರು. ತಂದೆ ರಾಮಪ್ಪ ಅಡಿಗರು ಸ್ವತಃ ಪದ್ಯ ಕಟ್ಟುತ್ತಿದ್ದರು. ಮಗ ಹದಿಮೂರನೇ ವಯಸ್ಸಿಗೆ ಭಾಮಿನಿ, ವಾರ್ಧಕ ಷಟ್ಪದಿಗಳಲ್ಲಿ ಪದ್ಯ ಬರೆದ. ಈಗ ಕೇಳಿದರೆ ಪವಾಡ ಅನ್ನಿಸುತ್ತದೆ. ಆದರೆ ಆ ಕಡೆಯ ಮನೆಗಳಲ್ಲಿ ಮಳೆಗಾಲ ಅಂದರೆ ಹೊರಗೆ ಕಾಲಿಡಲಾಗದ ಸಂಜೆಗಳು. ಯಾರಾದರೊಬ್ಬರು ಕುಮಾರವ್ಯಾಸನನ್ನೋ ಜೈಮಿನಿಯನ್ನೋ ರಾಗವಾಗಿ ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಮಳೆ ನಿಂತ ಮೇಲೆ ಯಕ್ಷಗಾನ. ಅದರ ಪ್ರಸಂಗಗಳಲ್ಲೂ ಭಾಮಿನಿ, ವಾರ್ಧಕಗಳೇ ಹೆಜ್ಜೆ ಹೆಜ್ಜೆಗೆ. ವರ್ಷದ ಎರಡೂ ಭಾಗ ಕಿವಿಗೆ ಬೀಳುವುದು ಅದೇ ಆದರೆ ಹುಡುಗ ಇನ್ನೇನು ಬರೆಯುತ್ತಾನೆ ಹೇಳಿ.

ಈ ಯಕ್ಷಗಾನದ ವಿಷಯ ನನಗೆ ಬರೀ ಓದಿ ಗೊತ್ತಿದ್ದಲ್ಲ. ನಾವು ಘಟ್ಟದ ಮೇಲಿನವರು. ಆದರೆ ಅತ್ತೆಯನ್ನು ಕೊಟ್ಟದ್ದು ಬೈಂದೂರಿನ ಹತ್ತಿರದ ಹಳ್ಳಿಗೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ರಜೆಗೆ ಅಲ್ಲಿಗೆ ಹೋಗಿದ್ದೆ. ಒಂದು ಸಂಜೆ ಗದ್ದೆಯ ಆಚೆ ದಿಕ್ಕಿನಿಂದ ಚಂಡೆಯ ಸದ್ದು ಬಂತು. ಅತ್ತೆಯ ಮಾವ ಅಂಗಳದಲ್ಲಿ ಅಡಿಕೆ ಕತ್ತರಿಸುತ್ತಾ ಕೂತಿದ್ದವರು ಕೈ ನಿಲ್ಲಿಸಿ, ‘ಕೇಳಿ ಬಡೂಕೆ ಸುರು ಮಾಡಿದ್ರ್’ ಅಂದರು. ಇವತ್ತು ಆಟ ಇದೆ, ಬನ್ನಿ ಅಂತ ಸುತ್ತಲ ಹಳ್ಳಿಗಳಿಗೆ ಚಂಡೆಯಲ್ಲೇ ಕೊಡುವ ಕರೆಯದು.

ರಾತ್ರಿ ಕೊಯ್ಲಾದ ಗದ್ದೆಯಲ್ಲಿ ಚಾಪೆ ಹಾಸಿ ಕೂತೆವು. ಕಾಲಿಗೆ ಭತ್ತದ ಕೂಳೆ ಚುಚ್ಚುತ್ತಿತ್ತು. ಯಾವ ಪ್ರಸಂಗ ಅಂತ ನೆನಪಿಲ್ಲ. ಒಂದು ಗಂಟೆಯೊಳಗೆ ನನಗೆ ನಿದ್ದೆ. ಆದರೆ ಆ ನಿದ್ದೆ ಒಂದು ಥರದ್ದು. ಭಾಗವತರು ಪದ ಎತ್ತಿದಾಗ ಮದ್ದಳೆ ತಣ್ಣಗೆ ಜೊತೆಗೆ ಹೋಗುತ್ತದೆ. ಅದು ನಿದ್ದೆಯೊಳಗೂ ಕೇಳುತ್ತದೆ. ಯುದ್ಧ ಬಂತೋ, ಚಂಡೆ ನೇರ ಎದೆಗೇ ಬಡಿಯುತ್ತದೆ. ಬೆಚ್ಚಿ ಕಣ್ಣು ಬಿಟ್ಟರೆ ಕೆಂಪು ಕಿರೀಟ ಒಂದು ಗಿರಗಿರ ತಿರುಗುತ್ತಿರುತ್ತದೆ. ಮತ್ತೆ ನಿದ್ದೆ. ಬೆಳಿಗ್ಗೆ ಎದ್ದು ಬಾವಿಕಟ್ಟೆಯಲ್ಲಿ ಹಲ್ಲು ಉಜ್ಜುವಾಗ ನನಗೆ ಕಥೆಯ ತಲೆಬುಡ ಗೊತ್ತಿರಲಿಲ್ಲ. ಬ್ರಶ್ ಮಾತ್ರ ತಾಳಕ್ಕೆ ಸರಿಯಾಗಿ ಓಡುತ್ತಿತ್ತು.

ಒಂದೇ ರಾತ್ರಿಗೆ ಹೀಗೆ. ಮೊಗೇರಿಯ ಹುಡುಗನಿಗೆ ಪೂರ್ತಿ ಬಾಲ್ಯವೇ ಹೀಗೆ ಕಳೆದಿರಬೇಕು. ಅರ್ಥಕ್ಕೆ ಮೊದಲೇ ನಡೆ ಕಿವಿಗೆ ಹೋಗಿ ಕೂತುಬಿಡುತ್ತದೆ. ಆಮೇಲೆ ನೀವು ಏನು ಓದಿ, ಯಾರನ್ನೇ ಮೆಚ್ಚಿ, ಅದನ್ನು ಎಬ್ಬಿಸಿ ಕಳಿಸಲು ಆಗುವುದಿಲ್ಲ.

ಅಡಿಗರ ಪದ್ಯಗಳಲ್ಲಿ ಜನ ಜಾಸ್ತಿ ಹಾಡಿದ್ದು ‘ಯಾವ ಮೋಹನ ಮುರಳಿ ಕರೆಯಿತು’. ಮದುವೆ ಆರ್ಕೆಸ್ಟ್ರಾದಲ್ಲೂ ಕೇಳಿದ್ದೇನೆ. ಅದರಲ್ಲಿ ಐದರ ನಡೆ ಇಲ್ಲ. ಯಾವ / ಮೋಹನ / ಮುರಳಿ / ಕರೆಯಿತು. ಮೂರು, ನಾಲ್ಕು, ಮೂರು, ನಾಲ್ಕು. ಇದು ಭಾಮಿನಿ, ಕುಮಾರವ್ಯಾಸನ ನಡೆ. ಶ್ರೀವ / ನಿತೆಯರ / ಸನೆ ವಿ / ಮಲ ರಾ. ಭಾವಗೀತೆ ಅಂತ ಕಣ್ಣು ಮುಚ್ಚಿ ಕೇಳುವ ನಾವು ಕುರುಕ್ಷೇತ್ರಕ್ಕೆ ಹೋಗುವ ದಾರಿಯಲ್ಲೇ ನಡೆದುಕೊಂಡು ಹೋಗುತ್ತಿರುತ್ತೇವೆ. ‘ಕಟ್ಟುವೆವು ನಾವು ಹೊಸ ನಾಡೊಂದನು’ ಮತ್ತೆ ಐದಕ್ಕೆ ವಾಪಸ್. ಕಟ್ಟುವೆವು / ನಾವು ಹೊಸ / ನಾಡೊಂದ. ಹದಿಮೂರರ ಹುಡುಗ ಬರೆದ ಎರಡು ಷಟ್ಪದಿಗಳು ಮೂವತ್ತರ ಆಸುಪಾಸಿನ ಕವಿಯ ಎರಡು ಕಾಲುಗಳಾದವು ಅಂದರೂ ನಡೆಯುತ್ತದೆ.

ಇಲ್ಲಿಯವರೆಗಿನದು ಸುಲಭ. ನವೋದಯದ ಕಾಲದಲ್ಲಿ ಎಲ್ಲರೂ ಲಯಬದ್ಧವಾಗಿಯೇ ಬರೆಯುತ್ತಿದ್ದರು, ಅದರಲ್ಲೇನು ದೊಡ್ಡ ವಿಷಯ ಅಂತ ನೀವು ಕೇಳಬಹುದು. ಸರಿ. ಹಾಗಾದರೆ ಅದಾದ ಮೇಲೆ ಬಂದ ನವ್ಯಕ್ಕೆ ಬರೋಣ.

ಅಡಿಗರು ಮೈಸೂರಿಗೆ ಹೋಗಿ ಓದಿ ಇಂಗ್ಲಿಷ್ ಮೇಷ್ಟರಾದರು. ಎಲಿಯಟ್, ಆಡೆನ್, ಯೇಟ್ಸ್ ಓದಿದರು. 1952ರಲ್ಲಿ ‘ನಡೆದು ಬಂದ ದಾರಿ’ ಬಂತು, 1954ರಲ್ಲಿ ‘ಚಂಡೆ ಮದ್ದಳೆ’, 1959ರಲ್ಲಿ ‘ಭೂಮಿಗೀತ’. ಕನ್ನಡ ಕಾವ್ಯದ ಮುಖವೇ ಬದಲಾಯಿತು. ಇದೆಲ್ಲಾ ಎಲಿಯಟ್ ಪ್ರಭಾವ, ಹೊರಗಿನಿಂದ ತಂದ ಸರಕು ಅನ್ನುವ ಮಾತು ಅವತ್ತಿನಿಂದ ಇವತ್ತಿನವರೆಗೆ ನಡೆದೇ ಇದೆ. ಅರ್ಧ ಒಪ್ಪುತ್ತೇನೆ. ಊರು ಹಾಳಾಗಿರುವುದನ್ನು ಚೂರು ಚೂರಾದ ಚಿತ್ರಗಳಲ್ಲಿ ಹೇಳುವುದು, ಗಂಭೀರ ಮಾತಿನ ಪಕ್ಕದಲ್ಲೇ ಬೀದಿ ಮಾತು ತಂದು ಕೂರಿಸುವುದು, ಇದಕ್ಕೆಲ್ಲ ಧೈರ್ಯ ಬಂದದ್ದು ಆ ಓದಿನಿಂದಲೇ ಇರಬೇಕು. ಆದರೆ ಸ್ವಲ್ಪ ನಿಲ್ಲಿ. ನವ್ಯದ ಬಾವುಟ ಅಂತ ಹೆಸರಾದ ಆ ಪುಸ್ತಕಕ್ಕೆ ಅವರು ಇಟ್ಟ ಹೆಸರು ನೋಡಿ. ಚಂಡೆ, ಮದ್ದಳೆ. ಲಂಡನ್ನಿನ ಹೊಗೆ ಮಂಜಲ್ಲ, ಮೊಗೇರಿಯ ಗದ್ದೆಯ ಹಿಮ್ಮೇಳ.

ಇನ್ನು ಅವರ ‘ಭೂತ’ ಪದ್ಯ. ಇದು ಪಕ್ಕಾ ನವ್ಯ. ಹಾಡಲು ಬರುವುದಿಲ್ಲ, ಒಂದು ಓದಿಗೆ ಬಿಟ್ಟುಕೊಡುವುದಿಲ್ಲ. ಅದರ ಮೊದಲ ಸಾಲು:

ಕಾಡುತಿವೆ ಭೂತಕಾಲದ ಭ್ರೂಣಗೂಢಗಳು

ಬೆರಳು ಮಡಚಿ. ಕಾಡುತಿವೆ / ಭೂತಕಾ / ಲದ ಭ್ರೂಣ / ಗೂಢಗಳು. (‘ಭ್ರೂ’ಗೆ ಮೊದಲಿನ ‘ದ’ವನ್ನು ಒತ್ತದೆ ತೇಲಿಸಿ ಹೇಳಬೇಕು. ಕನ್ನಡದ ಬಾಯಿಗೆ ಅದು ಸಹಜ.) ಐದು, ಐದು, ಐದು, ಐದು. ಲಕ್ಷ್ಮೀಶನ ಲೆಕ್ಕ ಇಲ್ಲೂ ತಪ್ಪಿಲ್ಲ.

ನಿಜ ಹೇಳುತ್ತೇನೆ, ಇದನ್ನು ಎಣಿಸಿ ಮುಗಿಸಿದಾಗ ನನ್ನ ಕೈ ಒಂದು ಕ್ಷಣ ಹಾಗೇ ನಿಂತಿತು. ಮುಂದೆ ಆ ಪದ್ಯದಲ್ಲಿ ಷಟ್ಪದಿಯ ಚೌಕಟ್ಟು ಉಳಿಯುವುದಿಲ್ಲ. ಸಾಲು ಉದ್ದ ಆಗುತ್ತದೆ, ಗಿಡ್ಡ ಆಗುತ್ತದೆ. ವಾಕ್ಯ ಸಾಲಿನ ಅಂಚು ದಾಟಿ ಕೆಳಗೆ ಸುರಿಯುತ್ತದೆ. ಆದರೂ ಐದರ ಹೆಜ್ಜೆ ಮತ್ತೆ ಮತ್ತೆ ಬರುತ್ತಿರುತ್ತದೆ. ಮನೆ ಕೆಡವಿದವರು ಅಡಿಪಾಯ ಮಾತ್ರ ಉಳಿಸಿಕೊಂಡ ಹಾಗೆ.

ಲಕ್ಷ್ಮೀಶ ಆ ನಡೆಯಲ್ಲಿ ಹೊತ್ತದ್ದು ಕೃಷ್ಣನ ಲೀಲೆ, ಚಂದ್ರಹಾಸನ ಕಥೆ, ಕಿವಿಗೆ ಇಂಪಾದ ವರ್ಣನೆ. ಅಡಿಗರು ಅದೇ ನಡೆಯ ಮೇಲೆ ಭ್ರೂಣ ಹೇರಿದರು, ಹೂತಿಟ್ಟ ಹಿಂದಿನದರ ದೆವ್ವ ಹೇರಿದರು. ಪಲ್ಲಕ್ಕಿ ಹೊರುತ್ತಿದ್ದ ಹೆಗಲಿನ ಮೇಲೆ ಹೆಣ ಹೊರಿಸಿದರೆ ನಡೆಯಲ್ಲಿ ಒಂದು ಬಿಗಿ ಬರುತ್ತದಲ್ವಾ, ಆ ಬಿಗಿಯೇ ನನಗೆ ಅಡಿಗರ ಶೈಲಿ ಅನ್ನಿಸುವುದು. ಬರೀ ಹಳೇ ನಡೆ ಆಗಿದ್ದರೆ ಅವರು ಇನ್ನೊಬ್ಬ ಷಟ್ಪದಿ ಪಂಡಿತ ಆಗುತ್ತಿದ್ದರು. ಬರೀ ಎಲಿಯಟ್ ಆಗಿದ್ದರೆ ಒಳ್ಳೇ ಅನುವಾದಕ ಆಗುತ್ತಿದ್ದರೇನೋ.

ಆ ಪದ್ಯದಲ್ಲೇ ಮುಂದೆ ನೆಲ ಅಗೆಯುವ ಚಿತ್ರ ಬರುತ್ತದೆ. ಮೊದಲು ಸಿಗುವುದು ಮಣ್ಣು. ಇನ್ನೂ ಕೆಳಗೆ ಹೋದರೆ ಚಿನ್ನದ ಅದಿರು. ಅದನ್ನು ಕಾಯಿಸಿ, ಬಡಿದು, ನಮ್ಮ ಇಷ್ಟದೇವತೆಯ ವಿಗ್ರಹ ಮಾಡುವ ಕಸುಬು ಕಲಿಯಬೇಕು ಅನ್ನುತ್ತಾರೆ. ನಾನು ಇದನ್ನು ಪರಂಪರೆ, ಇತಿಹಾಸ ಅಂತೆಲ್ಲ ದೊಡ್ಡ ಮಾತಲ್ಲಿ ಓದುತ್ತಿದ್ದೆ. ಈಗ ಅದರಲ್ಲಿ ಒಬ್ಬ ಹುಡುಗನೂ ಕಾಣುತ್ತಾನೆ. ಹದಿಮೂರು ವರ್ಷದವನು, ಜೈಮಿನಿ ಬಾಯಿಪಾಠ.

ಇನ್ನೊಂದು ಊಹೆ ಇದೆ, ಊಹೆ ಅಂತಲೇ ತಗೊಳ್ಳಿ. ಯಕ್ಷಗಾನದಲ್ಲಿ ಭಾಗವತರು ಪದ ಹಾಡುತ್ತಾರೆ. ಹಾಡಿ ಮುಗಿದ ಮೇಲೆ ವೇಷಧಾರಿ ಅದರ ಅರ್ಥ ಹೇಳುತ್ತಾನೆ. ಅರ್ಥ ಅಂದರೆ ಬರೀ ವಿವರಣೆ ಅಲ್ಲ. ಅಲ್ಲಿ ವಾದ ಇದೆ, ಕೊಂಕು ಇದೆ, ಎದುರಾಳಿಯ ಕಾಲೆಳೆಯುವುದಿದೆ. ಬರೆದಿಟ್ಟ ಮಾತಲ್ಲ, ಆ ಕ್ಷಣಕ್ಕೆ ಹುಟ್ಟಿದ್ದು. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಮಾತೇ ಎಲ್ಲ. ಅಡಿಗರ ನವ್ಯ ಪದ್ಯಗಳಲ್ಲಿ ಒಂದು ಜಗಳಗಂಟ ದನಿ ಇದೆ. ಯಾರನ್ನೋ ಎದುರಿಗೆ ಕೂರಿಸಿಕೊಂಡು ಪಾಟೀಸವಾಲು ಹಾಕುವ ದನಿ. ಪದದ ನಡೆ, ಅರ್ಥದ ಬಾಯಿ, ಎರಡನ್ನೂ ಒಬ್ಬನೇ ಮಾಡಿದರೆ ಹೇಗಿರುತ್ತದೋ ಹಾಗೆ. ಇದನ್ನು ನಾನು ಒಬ್ಬ ಗೆಳೆಯನಿಗೆ ಹೇಳಿದೆ. ಅವನು ಕುಂದಾಪುರದ ಕಡೆಯವನು. ಅವನು ಹೇಳಿದ್ದು: ‘ನಮ್ಮೂರಲ್ಲಿ ಎಲ್ಲರೂ ಚಂಡೆ ಕೇಳಿಯೇ ಬೆಳೆದದ್ದು ಮಾರಾಯ. ನಾನು ಬ್ಯಾಂಕಿನಲ್ಲಿದ್ದೇನೆ.’

ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬಾಲ್ಯದಲ್ಲಿ ಕೇಳಿದ್ದು ಕವಿಯನ್ನು ಹುಟ್ಟಿಸುತ್ತದೆ ಅಂತ ನಾನು ಹೇಳುತ್ತಿಲ್ಲ. ಹೇಗೋ ಕವಿಯಾದವನ ಹೆಜ್ಜೆ ಎಲ್ಲಿಂದ ಬಂತು ಅಂತ ಹುಡುಕುತ್ತಿದ್ದೇನೆ, ಅಷ್ಟೇ.

ಬೇಂದ್ರೆಯವರದು ಬೇರೆ ಥರ. ಮನೆಮಾತು ಮರಾಠಿ, ಧಾರವಾಡದ ಓಣಿಯ ಮಾತು ಕನ್ನಡ. ಅವರ ಕಿವಿಯಲ್ಲಿ ಕೂತದ್ದು ಓಣಿ. ಅದಕ್ಕೇ ಅವರ ಪದ್ಯ ಆ ಮಣ್ಣಿನ ಆಡುಮಾತಲ್ಲಿ ಅಷ್ಟು ಸಲೀಸಾಗಿ ಕುಣಿಯುತ್ತದೆ. ಕಾವ್ಯನಾಮಕ್ಕೂ ಅಮ್ಮನ ಹೆಸರನ್ನೇ ಸೇರಿಸಿಕೊಂಡರು, ಅಂಬಿಕಾತನಯದತ್ತ ಅಂತ. ಕುವೆಂಪು ಶುರು ಮಾಡಿದ್ದು ಇಂಗ್ಲಿಷ್ ಪದ್ಯದಿಂದ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರನ್ನು ಮೈಸೂರಿನಲ್ಲಿ ಭೇಟಿಯಾದಾಗ, ನಿನ್ನ ಮಾತಲ್ಲೇ ಬರಿ ಅನ್ನಿಸಿಕೊಂಡು ಬಂದರು. ಮಲೆನಾಡಿನ ಕಾಡು ಅವರೊಳಗೆ ಮೊದಲೇ ಇತ್ತು, ಬಾಗಿಲು ತಟ್ಟಿದ್ದು ಹೊರಗಿನವರು. ಅಡಿಗರು ಕುಂದಾಪ್ರ ಕನ್ನಡದ ಪದಗಳನ್ನು ಬೇಂದ್ರೆಯ ಹಾಗೆ ರಾಶಿ ರಾಶಿ ತರಲಿಲ್ಲ ಅನ್ನುವುದು ನನಗೆ ಮೊದಲೆಲ್ಲ ಕೊರತೆ ಅನ್ನಿಸುತ್ತಿತ್ತು. ಊರನ್ನು ಮರೆತ ಕವಿ ಅಂತ ಒಮ್ಮೆ ಭಾಷಣವನ್ನೂ ಬಿಗಿದಿದ್ದೆ. ತಪ್ಪು. ಅವರು ಊರಿನ ಪದ ಬಿಟ್ಟರು, ಊರಿನ ಕಾಲು ಬಿಡಲಿಲ್ಲ.

ಇಷ್ಟಾದ ಮೇಲೆ ನನ್ನ ಕೆಂಪು ಶಾಯಿಯ ಪದ್ಯಕ್ಕೆ ವಾಪಸ್ ಬಂದೆ. ಮೇಷ್ಟರು ಹೇಳಿದ ವಾಸನೆ ಎಲ್ಲಿದೆ ನೋಡೋಣ ಅಂತ ಅದನ್ನೂ ಎಣಿಸಿದೆ. ಐದು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಮೂರು-ನಾಲ್ಕೂ ಇಲ್ಲ. ನಾಲ್ಕು, ನಾಲ್ಕು, ನಾಲ್ಕು, ನಾಲ್ಕು. ಅಲ್ಲಲ್ಲಿ ಒಂದು ಮಾತ್ರೆ ಹೆಚ್ಚು ಕಡಿಮೆ, ಅದು ಕೈಲಾಗದವನ ಕೆಲಸ. ಆದರೆ ಒಟ್ಟು ನಡೆ ನಾಲ್ಕರದ್ದೇ, ನೇರ, ಒಂದೇ ಸಮ. ಪದ ಎಲ್ಲ ಅಡಿಗರದು, ಕಾಲು ಅವರದಲ್ಲ. ಹಾಗಾದರೆ ಯಾರದ್ದು?

ಎರಡು ದಿನ ಯೋಚನೆ ಮಾಡಿದೆ. ನಮ್ಮ ಮನೆಯಲ್ಲಿ ಕಾವ್ಯ ಓದುವವರು ಇರಲಿಲ್ಲ. ಅಪ್ಪನದು ಅಡಿಕೆ ಮಂಡಿಯ ಲೆಕ್ಕ, ಅಮ್ಮನದು ರೇಡಿಯೋ. ಬೆಂಗಳೂರಿಗೆ ವಾಪಸ್ ಬರುವ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಒಬ್ಬ ಹುಡುಗ ಅಮ್ಮನಿಗೆ ಮಗ್ಗಿ ಒಪ್ಪಿಸುತ್ತಿದ್ದ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ನನ್ನ ಕೈ ಕಿಟಕಿಯ ಸರಳಿನ ಮೇಲೆ ಅದಾಗೇ ತಟ್ಟಲು ಶುರು ಮಾಡಿತು.

ನಮ್ಮದು ಎರಡು ಕೋಣೆಯ ಶಾಲೆ. ಒಂದರಿಂದ ನಾಲ್ಕರವರೆಗೆ ಒಟ್ಟಿಗೇ ಕೂರುತ್ತಿದ್ದೆವು. ಮಧ್ಯಾಹ್ನ ಮೂರೂವರೆಯ ಮೇಲೆ ಮಗ್ಗಿ. ಆಷಾಢದಲ್ಲಿ ಹಂಚಿನ ಮೇಲೆ ಮಳೆ ಬೀಳುವಾಗ ಒಬ್ಬರದು ಒಬ್ಬರಿಗೆ ಕೇಳುತ್ತಿರಲಿಲ್ಲ. ಅದಕ್ಕೆ ಅಕ್ಕೋರು ಕೋಲಿನಿಂದ ಬೆಂಚು ಕುಟ್ಟಿ ತಾಳ ಹಾಕುತ್ತಿದ್ದರು. ನಾವು ಮಳೆಯ ಮೇಲೆ ಹಟಕ್ಕೆ ಬಿದ್ದ ಹಾಗೆ ಕಿರುಚುತ್ತಿದ್ದೆವು. ಉದ್ದಕ್ಕೆ ಎಳೆಯುವಲ್ಲಿ ಎಳೆದು, ನುಂಗುವಲ್ಲಿ ನುಂಗಿ, ಎಲ್ಲವನ್ನೂ ನಾಲ್ಕರ ಪೆಟ್ಟಿಗೆ ಕೂರಿಸುತ್ತಿದ್ದೆವು. ಹದಿನೇಳರ ಮಗ್ಗಿ ಮಾತ್ರ ಕೂರುತ್ತಿರಲಿಲ್ಲ. ಅಲ್ಲಿ ಎಲ್ಲರೂ ಸದ್ದು ಕಡಿಮೆ ಮಾಡುತ್ತಿದ್ದೆವು.

ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಪೆನ್ಸಿಲ್ ತಗೊಂಡು ಆ ಹನ್ನೆರಡು ಸಾಲಿನಲ್ಲಿ ಬೇತಾಳ ಹೊಡೆದು ಹಾಕಿದೆ. ಹುತ್ತ ಹೋಯಿತು. ಕೂಪ ಹೋಯಿತು. ಶವ ಎರಡು ಇತ್ತು, ಎರಡೂ ಹೋದವು. ಕೊನೆಗೆ ಮೂರು ಸಾಲು ಉಳಿಯಿತು. ಹತ್ತೊಂಬತ್ತರಲ್ಲಿ ನಾನೇ ಬರೆದದ್ದು, ಆದರೆ ಆಗ ಅವುಗಳ ಕಡೆ ಗಮನವೇ ಕೊಟ್ಟಿರಲಿಲ್ಲ. ಹಂಚು ಸರಿದ ಜಾಗದಿಂದ ನೀರು ಸೋರಿ, ಕೆಳಗಿಟ್ಟ ಬೋಗುಣಿಗೆ ಒಂದೊಂದೇ ಹನಿ ಬೀಳುವುದರ ಬಗ್ಗೆ ಇತ್ತು.